ಮೊದಲು ಉಸಿರು, ಆಮೇಲೆ ವಿಚಾರಣೆ: ನೋವಿನ ಮಾತ್ರೆಗಳ ದುರ್ಬಳಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಬೆಂಗಳೂರಿನ ಅಂಚಿನ ಪಂಚಾಯತಿಗಳ ಸ್ಥಿತಿ ರಾಜ್ಯದ ಇತರ ಪಂಚಾಯತಿಗಳಿಗಿಂತ ಭಿನ್ನವಾದುದು. ಕಾರ್ಖಾನೆಗಳೂ ಕಚೇರಿಗಳೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿವೆ. ಅಲ್ಲಿ ದುಡಿಯುವವರ ಬಾಡಿಗೆ ಕೋಣೆಗಳು, ಶೀಟಿನ ಮನೆಗಳು, ಪಿ.ಜಿ.ಗಳು ಮಂಡೂರು, ಸರ್ಜಾಪುರ, ಹುಸ್ಕೂರು, ಮಾಕಳಿಯಂತಹ ಊರುಗಳವರೆಗೂ ಹಬ್ಬಿವೆ. ದುಡಿಯುವ ಸ್ಥಳದ ಆಡಳಿತ ಯಾರದ್ದೇ ಆಗಿರಲಿ, ಪಾಳಿ ಮುಗಿಸಿ ಬಂದು ನಮ್ಮ ಎಲ್ಲೆಯೊಳಗೆ ಮಲಗುವ ಮನುಷ್ಯನ ಯೋಗಕ್ಷೇಮ ನಮ್ಮ ಹೊಣೆ.

ಅಫೀಮಿನ ವರ್ಗದ ಮಾದಕ ವಸ್ತು ಎಂದೊಡನೆ ನಮಗೆ ಹೆರಾಯಿನ್ ನೆನಪಾಗುತ್ತದೆ. ಆದರೆ ಅದೇ ವರ್ಗದ ಗುಣವುಳ್ಳ ಟ್ರಮಡಾಲ್, ಟ್ಯಾಪೆಂಟಡಾಲ್ ಮುಂತಾದ ನೋವು ನಿವಾರಕ ಮಾತ್ರೆಗಳು ಔಷಧ ಅಂಗಡಿಯ ಕಪಾಟಿನಲ್ಲಿಯೇ ಇವೆ. ವೈದ್ಯರ ಚೀಟಿಯಂತೆ ಸೇವಿಸಿದರೆ ಇವು ಉಪಕಾರಿ. ಚೀಟಿಯಿಲ್ಲದೆ ಕೈಗೆ ಸಿಕ್ಕಾಗ ಅಪಾಯಕಾರಿ. ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಚುಚ್ಚಿಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಒಂದೇ ಸೂಜಿಯನ್ನು ಹಲವರು ಬಳಸಿದರೆ ಎಚ್‌ಐವಿ ಮತ್ತು ಹೆಪಟೈಟಿಸ್ ಕೂಡ ಅಂಟುತ್ತವೆ. ಈ ದುರ್ಬಳಕೆಯನ್ನು ಕಂಡೇ ಕೇಂದ್ರ ಸರ್ಕಾರವು 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ತಂದಿತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ದೇಶದಲ್ಲಿ ಸುಮಾರು 2.26 ಕೋಟಿ ಜನ ಈ ವರ್ಗದ ವಸ್ತುಗಳನ್ನು ಬಳಸುವರೆಂದೂ, ಅವರಲ್ಲಿ ಸುಮಾರು 77 ಲಕ್ಷ ಜನರ ಬಳಕೆ ಹಾನಿ ಅಥವಾ ಅವಲಂಬನೆಯ ಮಟ್ಟ ತಲುಪಿದೆಯೆಂದೂ ಅಂದಾಜಿಸಿತು.

ಈ ವಸ್ತುಗಳು ಕೊಲ್ಲುವ ಬಗೆಯನ್ನು ಅರಿತರೆ ನಮ್ಮ ಕರ್ತವ್ಯ ತಾನಾಗಿಯೇ ಸ್ಪಷ್ಟವಾಗುತ್ತದೆ. ಪ್ರಮಾಣ ಮೀರಿದಾಗ ಇವು ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಕೇಂದ್ರವನ್ನು ಮಂಕಾಗಿಸುತ್ತವೆ. ಉಸಿರು ನಿಧಾನವಾಗಿ ನಿಲ್ಲುತ್ತದೆ. ಕರೆದರೂ ಅಲುಗಿಸಿದರೂ ಎಚ್ಚರಗೊಳ್ಳದಿರುವುದು, ಗೊರಕೆಯಂತಹ ಅಥವಾ ತೀರ ವಿರಳವಾದ ಉಸಿರು, ನೀಲಿಗಟ್ಟಿದ ತುಟಿ, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ ಇದರ ಲಕ್ಷಣಗಳು. ಮದ್ಯದೊಡನೆ ಅಥವಾ ನಿದ್ರೆಮಾತ್ರೆಯೊಡನೆ ಸೇವಿಸಿದವರಿಗೆ ಅಪಾಯ ಹೆಚ್ಚು. ಸೆರೆಮನೆಯಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಮರಳಿದವರಿಗೆ ಇನ್ನೂ ಹೆಚ್ಚು; ಬಿಟ್ಟಿದ್ದ ದಿನಗಳಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ, ಹಿಂದಿನ ಪ್ರಮಾಣವೇ ಪ್ರಾಣಾಂತಿಕವಾಗುತ್ತದೆ.

ಆದರೂ ಇದು ತಡೆಯಬಹುದಾದ ಮರಣ. ನಲೋಕ್ಸೋನ್ ಎಂಬ ಚುಚ್ಚುಮದ್ದು ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಅದರ ಪ್ರಭಾವ ಸುಮಾರು ಒಂದು ಗಂಟೆಯ ಆಸುಪಾಸಿನಲ್ಲಿ ಇಳಿಯುವುದರಿಂದ, ರೋಗಿ ಎದ್ದು ಕುಳಿತರೂ ಆಸ್ಪತ್ರೆಯ ನಿಗಾ ಅಗತ್ಯ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಅವರನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿ ತೆರವಾಗಿಟ್ಟು, ಪಕ್ಕದಲ್ಲಿಯೇ ಇರಬೇಕು. ಉಸಿರು ನಿಂತಿದ್ದರೆ ತರಬೇತಿ ಪಡೆದವರು ಕೃತಕ ಉಸಿರಾಟ ನೀಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನಿಂಬೆರಸ, ಮಜ್ಜಿಗೆ, ಉಪ್ಪುನೀರು ಹಾಕಬಾರದು. ಅದು ಶ್ವಾಸಕೋಶಕ್ಕಿಳಿದು ಪ್ರಾಣ ತೆಗೆಯಬಹುದು.

ಹಾಗಿದ್ದರೂ ಜೊತೆಯಲ್ಲಿರುವವರು ಕರೆ ಮಾಡಲು ಹಿಂಜರಿಯುವುದು ಏಕೆ? ಪೊಲೀಸರ ಭಯ, ಮನೆ ಖಾಲಿ ಮಾಡಿಸುವ ಮಾಲೀಕರ ಭಯ, ಕೆಲಸ ಹೋಗುವ ಭಯ. ಈ ಭಯದಲ್ಲಿ ಕಳೆಯುವ ಅರ್ಧ ಗಂಟೆಯೇ ಒಂದು ಜೀವದ ಬೆಲೆ. ಕಾಯ್ದೆಯೂ ಇಲ್ಲಿ ಕುರುಡಲ್ಲ. 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ, ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರ ನಡೆಸುವ ಇಲ್ಲವೇ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆತನನ್ನು ಅಭಿಯೋಗಕ್ಕೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಮಾರಾಟಗಾರನಿಗಂತೂ ಇದು ಇಲ್ಲವೇ ಇಲ್ಲ. ಈ ವ್ಯತ್ಯಾಸವನ್ನು ಜನರಿಗೆ ತಿಳಿಸಿ ಹೇಳಬೇಕಾದವರು ನಾವು.

ಬರಿಯ ನಿಷೇಧ ಸಾಲದೆಂಬುದಕ್ಕೆ ನಮ್ಮ ನೆಲದ ಅನುಭವವೇ ಸಾಕ್ಷಿ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಮುತ್ತ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಗಡಿ ಮುಚ್ಚಿದರೂ ಚಟ ಮುಚ್ಚುವುದಿಲ್ಲ. ಚಿಕಿತ್ಸೆಯ ಬಾಗಿಲು ತೆರೆಯದಿದ್ದರೆ ಮನುಷ್ಯ ಅದಕ್ಕಿಂತ ಕೆಟ್ಟದ್ದನ್ನು ಹುಡುಕುತ್ತಾನೆ ಎಂಬುದಷ್ಟೇ ಅದರ ಪಾಠ.

ಹಾಗಾದರೆ ನಮ್ಮ ಅಧಿಕಾರದ ಮಿತಿಯೊಳಗೆ ಮಾಡಬಹುದಾದುದೇನು? ಐದು ಕಾರ್ಯಗಳನ್ನು ತಮ್ಮ ಮುಂದಿಡುತ್ತೇನೆ.

ಒಂದು, ವಿಳಾಸ. ಶೀಟಿನ ಮನೆಗಳ ಸಾಲಿನಲ್ಲಿ ಸಂಖ್ಯೆಯೂ ಇಲ್ಲ, ಅಡ್ಡರಸ್ತೆಗೆ ಹೆಸರೂ ಇಲ್ಲವೆಂದಾದರೆ ಆಂಬುಲೆನ್ಸ್ ಅಲೆಯಬೇಕಾಗುತ್ತದೆ. ಪ್ರತಿ ವಠಾರಕ್ಕೂ ಸಂಖ್ಯೆ ಬರೆಯಿಸಿ, 108ರ ಫಲಕವನ್ನು ಕನ್ನಡದೊಡನೆ ಅಲ್ಲಿ ವಾಸಿಸುವವರ ಭಾಷೆಯಲ್ಲಿಯೂ ಹಾಕಿಸೋಣ. ಇದರಿಂದ ಹಾವು ಕಚ್ಚಿದವರಿಗೂ ಹೆರಿಗೆಯವರಿಗೂ ಉಪಯೋಗವಿದೆ.

ಎರಡು, ಔಷಧ ದಾಸ್ತಾನು. ನಲೋಕ್ಸೋನ್ ಇದೆಯೇ, ರಾತ್ರಿ ವೇಳೆ ಅದನ್ನು ನೀಡುವವರು ಯಾರು, ಇಲ್ಲದಿದ್ದರೆ ಸಮೀಪದಲ್ಲಿ ಎಲ್ಲಿ ದೊರೆಯುತ್ತದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸಿ.

ಮೂರು, ಮಾರಾಟದ ಮೇಲೆ ಕಣ್ಣು. ಔಷಧ ಅಂಗಡಿಯ ಪರವಾನಗಿ ನಮ್ಮ ಕೈಯಲ್ಲಿಲ್ಲ. ಆದರೆ ಟ್ರಮಡಾಲಿನಂತಹ ಔಷಧಗಳಿಗೆ ರೋಗಿಯ ಮತ್ತು ವೈದ್ಯರ ಹೆಸರುಳ್ಳ ಪ್ರತ್ಯೇಕ ವಹಿಯನ್ನು ಮೂರು ವರ್ಷ ಇಡಬೇಕೆಂಬ ನಿಯಮವಿದೆ. ಚೀಟಿಯಿಲ್ಲದ ಮಾರಾಟದ ದೂರು ಬಂದರೆ ಔಷಧ ಪರಿವೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಾದಕ ವಸ್ತು ನಿಯಂತ್ರಣ ಸಮನ್ವಯ ಸಮಿತಿಗೂ ಪ್ರತಿ ಕಳುಹಿಸಬೇಕು. ಸದಸ್ಯರು ತಾವೇ ದಾಳಿಗೆ ಹೊರಡುವುದು ತರವಲ್ಲ.

ನಾಲ್ಕು, ಚಿಕಿತ್ಸೆಯ ದಾರಿ. ವ್ಯಸನಮುಕ್ತಿಗೆ ಉಚಿತ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಏರ್ಪಡಿಸಲಾಗಿದೆ. ನಮ್ಮ ಎಲ್ಲೆಯಲ್ಲಿ ಖಾಸಗಿ ವ್ಯಸನಮುಕ್ತಿ ಕೇಂದ್ರವಿದ್ದರೆ, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಡಿ ಅದು ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ಸರಪಳಿ ಕಟ್ಟಿ ಕೂಡಿಹಾಕುವುದು ಚಿಕಿತ್ಸೆಯಲ್ಲ, ಅಪರಾಧ.

ಐದು, ಅಭಯ. ಮನೆ ಮಾಲೀಕರು ಮತ್ತು ಪಿ.ಜಿ. ನಡೆಸುವವರ ಸಭೆ ಕರೆಯಿರಿ. ಸಹಾಯಕ್ಕಾಗಿ ಕರೆ ಮಾಡಿದವರನ್ನು ಆ ಕಾರಣಕ್ಕೆ ಮನೆ ಬಿಡಿಸುವುದಿಲ್ಲವೆಂಬ ಒಪ್ಪಿಗೆಗೆ ಅವರನ್ನು ಮನವೊಲಿಸಿ. ಠಾಣಾಧಿಕಾರಿಗಳೂ ಆ ಸಭೆಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಒಂದು ಎಚ್ಚರಿಕೆಯ ಮಾತು. ಈ ಪಿಡುಗನ್ನು ಹೊರರಾಜ್ಯದ ಕಾರ್ಮಿಕರ ತಲೆಗೆ ಕಟ್ಟುವುದು ಸುಲಭ. ಆದರೆ ಅದು ನ್ಯಾಯವೂ ಅಲ್ಲ, ಉಪಯುಕ್ತವೂ ಅಲ್ಲ. ನಮ್ಮೂರ ಮಕ್ಕಳೂ ಅದೇ ಅಂಗಡಿಯ ಮುಂದೆ ನಿಲ್ಲುತ್ತಾರೆ. ಗ್ರಾಮ ಸಭೆಯಲ್ಲಿ ಚರ್ಚಿಸುವಾಗ ಯಾವ ಮನೆಯ ಹೆಸರನ್ನೂ ಎತ್ತಬಾರದು. ಮಾನ ಹೋದ ಮನೆಯವರು ಆಸ್ಪತ್ರೆಗೂ ಬರುವುದಿಲ್ಲ.

ಜೂನ್ 26 ಮಾದಕ ವಸ್ತು ವಿರೋಧಿ ದಿನ. ಮೆರವಣಿಗೆ, ಪ್ರತಿಜ್ಞೆಗಳ ಜೊತೆಗೆ ಈ ಐದು ಅಂಶಗಳ ಠರಾವೊಂದನ್ನು ಅದಕ್ಕೂ ಮೊದಲೇ ಅಂಗೀಕರಿಸಿ, ಪ್ರತಿಯೊಂದಕ್ಕೂ ಹೊಣೆಗಾರರ ಹೆಸರು ಮತ್ತು ದಿನಾಂಕ ಬರೆಯಿರಿ. ಪ್ರಗತಿಯನ್ನು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಪರಿಶೀಲಿಸಿ. ತಪ್ಪು ಯಾರದೆಂದು ವಿಚಾರಿಸಲು ಮುಂದೆ ಕಾಲವಿರುತ್ತದೆ. ನಿಲ್ಲುತ್ತಿರುವ ಉಸಿರಿಗೆ ಆ ಕಾಲವಿರುವುದಿಲ್ಲ.