ಕರಾಚಿಯಿಂದ ಮುಂಬಯಿಗೆ ಎಷ್ಟು ದೂರ?



ಎರಡು ನಗರಗಳ ನಡುವಣ ದೂರವನ್ನು ಭೂಪಟದ ಮೇಲೆ ಅಳೆದು ವಿಮಾನದ ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ದೊರೆಯುವುದೆಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಕರಾಚಿ ಮುಂಬಯಿಗಳ ಲೆಕ್ಕವನ್ನು ನೋಡೋಣ.

ಆಕಾಶಮಾರ್ಗದಲ್ಲಿ ಇವೆರಡಕ್ಕೂ ಸುಮಾರು 550 ಮೈಲಿಗಳ ಅಂತರ. 1932ನೆಯ ಇಸವಿ ಅಕ್ಟೋಬರ್ 15ರಂದು ಬೆಳಗ್ಗೆ ಆರೂವರೆಯ ಸುಮಾರಿಗೆ ಜೆ. ಆರ್. ಡಿ. ಟಾಟಾರವರು ಅಂಚೆಯನ್ನು ಹೊತ್ತ ಪುಸ್ ಮಾತ್ ವಿಮಾನದಲ್ಲಿ ಕರಾಚಿಯನ್ನು ಬಿಟ್ಟರು. ಅದರ ವೇಗ ಘಂಟೆಗೆ ನೂರು ಮೈಲಿಯ ಆಸುಪಾಸು. ಅಹಮದಾಬಾದಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲನ್ನು ತುಂಬಿಸಿಕೊಂಡು, ಮಧ್ಯಾಹ್ನ ಎರಡು ಘಂಟೆಯೊಳಗೆ ಜುಹುವನ್ನು ಸೇರಿದರು. ವಿಮಾನಯಾನದ ಚರಿತ್ರೆಯಲ್ಲಿ ಎತ್ತುಗಳಿಗೂ ಪಾಲುಂಟೆಂಬುದು ನಮಗೆ ಪ್ರಿಯವಾದ ಸಂಗತಿ. ಅಲ್ಲಿಂದ ಮುಂದೆ ಅಂಚೆಯನ್ನು ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು.

ಇಂದಿನ ಜೆಟ್ ವಿಮಾನಕ್ಕೆ ಕರಾಚಿ ಮುಂಬಯಿಗಳ ದಾರಿ ಸುಮಾರು ಒಂದೂವರೆ ಘಂಟೆಯದು. ಆದರೆ 1947ರ ವಿಭಜನೆಯಿಂದ ನಡುವೆ ಗಡಿ ಬಿದ್ದಿತು. 2025ನೆಯ ಏಪ್ರಿಲಿನಲ್ಲಿ ಉಭಯ ರಾಷ್ಟ್ರಗಳೂ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನೇ ಮುಚ್ಚಿದವು. ಬಂಧುವಿನ ಮರಣವಾರ್ತೆಯನ್ನು ಕೇಳಿ ಹೊರಡುವವನು ಅಪ್ಪಣೆ ದೊರೆತರೂ ದುಬೈಯನ್ನು ಬಳಸಿ ಬರಬೇಕು: ಮೊದಲು ಪಶ್ಚಿಮಕ್ಕೆ ಸುಮಾರು 740 ಮೈಲಿ, ಮರಳಿ ಪೂರ್ವಕ್ಕೆ ಸುಮಾರು 1,200 ಮೈಲಿ. ಹಾರಾಟಕ್ಕೇ ಐದು ಘಂಟೆ. ದುಬೈಯಲ್ಲಿ ಕಾಯುವ ಹೊತ್ತು ಬೇರೆ. ಟಾಟಾರವರಿಗೆ, ಪೆಟ್ರೋಲು ತುಂಬಿಸಿಕೊಂಡ ಹೊತ್ತೂ ಸೇರಿ, ಏಳು ಘಂಟೆ ಚಿಲ್ಲರೆ ಹಿಡಿದಿತ್ತು.