ದೀಘಾನೋ ಪುರಿನೋ? ಗರಿಯಾಹಾಟ್‌ನಿಂದ ಕಂಡ ಕಡಲ ಪೈಪೋಟಿ

ನಾನು ಮಾತಾಡ್ತಿರೋದು ಕೋಲ್ಕತ್ತಾದ ಗರಿಯಾಹಾಟ್‌ನಿಂದ. ಕೆಲಸ ಸೆಕ್ಟರ್ ಫೈವ್‌ನಲ್ಲಿ, ಮನೆ ಇಲ್ಲಿ. ನಮ್ಮಂಥವರಿಗೆ ರಜೆ ಅಂದ್ರೆ ಬೆಂಗಳೂರಿಗೆ ವಿಮಾನ, ಅಲ್ಲಿಂದ ಊರಿಗೆ ರಾತ್ರಿ ಬಸ್ಸು. ಬಂಗಾಳಿಗಳಿಗೆ ರಜೆ ಅಂದ್ರೆ 'ದೀಪುದಾ'. ಯಾರೋ ದೀಪು ಅನ್ನೋ ಅಣ್ಣ ಇರಬೇಕು ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು: ದೀಘಾ, ಪುರಿ, ದಾರ್ಜಿಲಿಂಗ್!

ಪ್ಯಾಕೇಜ್ ಟೂರು ಇಲ್ಲಿ ಹೊಸದಲ್ಲ. ಅಡುಗೆಯವರನ್ನೂ ಜೊತೆಗೇ ಕರ್ಕೊಂಡು ಹೋಗೋ 'ಕುಂಡು ಸ್ಪೆಷಲ್' ಶುರುವಾಗಿದ್ದು 1933ರಲ್ಲಿ. ಹಾಗಾಗಿ ಈ ಗಿರಾಕಿಗಾಗಿ ಕಡಲೂರುಗಳ ನಡುವೆ ಪೈಪೋಟಿ ಜೋರು. ದೀಘಾ ಸುಮಾರು 180 ಕಿ.ಮೀ., ಪುರಿ ಸುಮಾರು 500. ದೀಘಾದ ಬಲ ಹತ್ತಿರ ಇರೋದು, ಪುರಿಯ ಬಲ ಜಗನ್ನಾಥ. 2023ರ ಮೇನಲ್ಲಿ ವಂದೇ ಭಾರತ್ ರೈಲು ಬಂದು ಹೌರಾ–ಪುರಿ ಪ್ರಯಾಣ ಆರೂವರೆ ಗಂಟೆಗೆ ಇಳಿಯಿತು. 2025ರ ಏಪ್ರಿಲ್ 30ರಂದು ದೀಘಾದಲ್ಲೂ ಪುರಿಯ ಮಾದರಿಯ ಜಗನ್ನಾಥ ದೇವಸ್ಥಾನ ತೆರೆಯಿತು. ಅದನ್ನ 'ಧಾಮ' ಅನ್ನೋದಕ್ಕೆ ಒಡಿಶಾ ಆಕ್ಷೇಪ ಎತ್ತಿತು. ಭಕ್ತಿಯ ಮಾತು ಬೇರೆ; ಹೋಟೆಲ್ ರೂಮಿನ ಲೆಕ್ಕವೂ ಅದರೊಳಗೆ ಇದೆ ಅಂತ ನನಗನ್ನಿಸುತ್ತೆ.

ಕೆರಿಬಿಯನ್ ಕಡೆಯದ್ದೂ ಇದೇ ಕಥೆ. ಪುಂಟಾ ಕಾನಾ, ಕಾನ್‌ಕುನ್, ಜಮೈಕಾ, ಎಲ್ಲೆಡೆ ಬಿಳಿ ಮರಳು, ನೀಲಿ ನೀರು, ಊಟ-ಕುಡಿತ ಎಲ್ಲಾ ಸೇರಿದ ಒಂದೇ ರೇಟು. ಎಲ್ಲಾ ಒಂದೇ ಥರ ಆದಾಗ ಉಳಿಯೋದು ದರ ಇಳಿಸೋ ಆಟ. ಕೈಗೆ ಪಟ್ಟಿ ಕಟ್ಟಿಸಿಕೊಂಡ ಅತಿಥಿ ಗೇಟು ದಾಟಿ ಬರೋದೇ ಕಮ್ಮಿ. ಹೊರಗೆ ಊಟದಂಗಡಿ ಇಟ್ಟವನಿಗೆ ಏನು ಸಿಗುತ್ತೆ?

ದೀಘಾ ಪಕ್ಕದ ಮಂದಾರಮಣಿ ನೋಡಿ. ಕೆಂಪು ಏಡಿಗಳಿದ್ದ ಮರಳಿನ ಅಂಚಿಗೇ ಹೋಟೆಲ್‌ಗಳು ಬಂದವು. 2022ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಜಿಲ್ಲಾಡಳಿತ ಸುಮಾರು 140 ಹೋಟೆಲ್‌ಗಳನ್ನ ಕೆಡವೋಕೆ ಹೇಳಿತು. ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು.

ಇದೆಲ್ಲ ನಮಗ್ಯಾಕೆ ಅಂತೀರಾ? 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ದೇಶದ ಮೊದಲ 8 ಬೀಚುಗಳಲ್ಲಿ ಪುರಿ ಇದೆ, ಅಂಡಮಾನಿನ ರಾಧಾನಗರ ಇದೆ, ನಮ್ಮ ಪಡುಬಿದ್ರಿ, ಹೊನ್ನಾವರದ ಕಾಸರಕೋಡೂ ಇವೆ. ಆ ಕಾಸರಕೋಡಿನ ಹತ್ತಿರ ನನ್ನ ದೊಡ್ಡಮ್ಮನ ಮಗ ನಾಲ್ಕು ರೂಮಿನ ಹೋಮ್‌ಸ್ಟೇ ನಡೆಸ್ತಾನೆ. ಹೋದ ತಿಂಗಳು ಫೋನ್ ಮಾಡಿದ. "ತಮ್ಮ, ಪ್ಯಾಕೇಜಿನವರು ವರ್ಷಪೂರ್ತಿ ಗಿರಾಕಿ ಕೊಡ್ತಾರಂತೆ. ಆದ್ರೆ ಅರ್ಧ ರೇಟು, ಊಟಾನೂ ಅದರಲ್ಲೇ. ಒಪ್ಪಲೋ ಬೇಡವೋ?"

ನಾನು ಎಕ್ಸೆಲ್ ತೆಗೆದು ಕೂತೆ. ರೂಮು ತುಂಬುತ್ತೆ, ಕೈಯಲ್ಲಿ ಉಳಿಯೋದು ಈಗಿನಕ್ಕಿಂತ ಕಮ್ಮಿ. ಖರ್ಚು ಎಲ್ಲಿ ಕಡಿಮೆ ಮಾಡ್ತಾನೆ? ಬೆಳಗ್ಗೆ ಬುಟ್ಟಿ ಹೊತ್ತು ಬಾಗಿಲಿಗೆ ಬರೋ ಮೀನಿನಮ್ಮನ ಹತ್ರ. ಅವಳ ಬದಲು ಐಸಿನ ಮೀನು ಬರುತ್ತೆ.

ಗರಿಯಾಹಾಟ್ ಮೀನು ಮಾರುಕಟ್ಟೆಯಲ್ಲಿ ಬಂಗಾಳಿ ಗೃಹಿಣಿಯರನ್ನ ನೋಡಿದ್ದೀನಿ. ಹತ್ತು ರೂಪಾಯಿಗೂ ಚೌಕಾಸಿ ಮಾಡ್ತಾರೆ, ಆದರೆ ಕಿವಿರು ಎತ್ತಿ ನೋಡದೆ ಮೀನು ಮುಟ್ಟಲ್ಲ. ಹಳಸಿದ್ದನ್ನ ಅರ್ಧ ರೇಟಿಗೆ ಕೊಟ್ರೂ ಒಯ್ಯಲ್ಲ. ಅದಕ್ಕೇ ಅವನಿಗೆ ಹೇಳಿದೆ: "ಅಣ್ಣ, ರೇಟು ಇಳಿಸೋ ಸ್ಪರ್ಧೆಯಲ್ಲಿ ನಾಲ್ಕು ರೂಮಿನವನು ಗೆಲ್ಲಲ್ಲ. ಗಿರಾಕಿಗೆ ದಕ್ಕೆಯಲ್ಲಿ ಮೀನು ಆರಿಸೋಕೆ ಬಿಡು, ಅದನ್ನೇ ಅತ್ತಿಗೆ ಸಾರು ಮಾಡ್ಲಿ."

ಅವನು ಸುಮ್ಮನಿದ್ದ. ಆಮೇಲೆ ಅಂದ, "ನಿನಗೆ ತಿಂಗಳಾದ್ರೆ ಸಂಬಳ ಬರುತ್ತೆ. ನನಗೆ ಮಳೆಗಾಲದಲ್ಲೂ ಸಾಲದ ಕಂತು ಬರುತ್ತೆ."

ಅದಕ್ಕೆ ನನ್ನ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ. ಅವನಿನ್ನೂ ಯಾವುದಕ್ಕೂ ಒಪ್ಪಿಲ್ಲ. ಬರೀ ಬುದ್ಧಿ ಹೇಳಿದ್ರೆ ಸಾಲದು ಅಂತ, ಈ ಪೂಜೆ ರಜೆಗೆ ಮೂರು ಬಂಗಾಳಿ ಸಹೋದ್ಯೋಗಿಗಳ ಮನೆಯವರ ಜೊತೆ ನಾವೇ ಹೊರಟಿದ್ದೀವಿ. ನಾಲ್ಕೂ ರೂಮು, ಪೂರ್ತಿ ರೇಟು. ನಿಮ್ಮೂರಲ್ಲೂ ಇಂಥ ಅಣ್ಣ ಯಾರಾದ್ರೂ ಇದ್ರೆ ಒಂದು ಫೋನ್ ಮಾಡಿ.