ಚೀನಾಕ್ಕೆ ಹೋದ ನಮ್ಮ ತಂಡ ಮತ್ತು ಒಂದು ಜಾಮೀನಿನ ಮಾತು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಚೀನಾದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ವ್ಯಾಪಾರಿಯಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಪಾಠ ಮಾಡುವ ಮೇಷ್ಟ್ರು. ಆದರೂ 2019ರ ಅಕ್ಟೋಬರ್‌ನಲ್ಲಿ ನಮ್ಮೂರಿನ ಹದಿನಾಲ್ಕು ಜನ ವ್ಯಾಪಾರಿಗಳು ಚೀನಾಕ್ಕೆ ಹೊರಟಾಗ, ಫಾರಂ ತುಂಬಲು, ಲೆಕ್ಕ ಬರೆಯಲು ಓದಿದವನೊಬ್ಬ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಖರ್ಚು ಅವರದೇ. ದಸರಾ ರಜೆ ಇತ್ತು. ಮೇಲೆ ಮೂರು ದಿನ ರಜೆ ಹಾಕಿದೆ, ಅಷ್ಟೆ.

ಈಗ ಈ ವಿಷಯ ಏಕೆ ಎಂದು ನೀವು ಕೇಳಬಹುದು. 2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರ 2025ರ ಅಕ್ಟೋಬರ್‌ನಲ್ಲಿ ಪುನಃ ಆರಂಭವಾಯಿತು. ಅಂದಿನಿಂದ ನಮ್ಮ ಸಂಘದ ಸದಸ್ಯರಲ್ಲೇ ಹಲವರು ಇನ್ನೊಂದು ತಂಡ ಕಟ್ಟುವ ಮಾತಾಡುತ್ತಿದ್ದಾರೆ. ಈ ಸಲ ಬರೀ ಮಾಲು ಖರೀದಿಗಲ್ಲ, ತಲಾ ಐದು ಲಕ್ಷ ಕೂಡಿಸಿ ಅಲ್ಲಿಯೇ ಒಂದು ಕಂಪನಿ ಮಾಡುವುದಕ್ಕೆ. ಹೋಗುವವರಿಗೆ ನಾನು ಬೇಡ ಎನ್ನುವುದಿಲ್ಲ. ಆದರೆ ಹಿಂದಿನ ಸಲ ಏನಾಯಿತು ಎಂಬುದು ಹದಿನೈದು ಜನರ ಹೊಟ್ಟೆಯೊಳಗೇ ಉಳಿದಿದೆ. ಅದನ್ನು ಹೊರಗೆ ಹೇಳಲೇಬೇಕು.

ಹೊರಡುವ ಹಿಂದಿನ ರಾತ್ರಿ ನಡೆದ ಬೀಳ್ಕೊಡುಗೆಯಲ್ಲಿ ಒಬ್ಬ ಹಿರಿಯರು, ವಿದ್ಯೆಗಾಗಿ ಚೀನಾದವರೆಗೂ ಹೋಗಬೇಕೆಂಬ ಪ್ರಸಿದ್ಧ ಮಾತನ್ನು ನೆನಪಿಸಿ ದುಆ ಮಾಡಿದರು. ಆ ಮಾತಿನ ಸನದು ದುರ್ಬಲ ಎಂದು ಹದೀಸ್ ವಿದ್ವಾಂಸರು ಹೇಳಿದ್ದಾರೆ, ಆದ್ದರಿಂದ ನಾನು ಅದನ್ನು ಆಧಾರವಾಗಿ ಹಿಡಿಯುವುದಿಲ್ಲ. ಅಲ್ಲದೆ ನಮ್ಮ ತಂಡದಲ್ಲಿ ವಿದ್ಯೆಗಾಗಿ ಹೊರಟವರು ಯಾರೂ ಇರಲಿಲ್ಲ ಎಂಬುದೂ ನಿಜ.

ಮೊದಲು ಗುವಾಂಗ್‌ಝೌ ನಗರಕ್ಕೆ ಹೋದೆವು. ಅಲ್ಲಿನ ಕ್ಯಾಂಟನ್ ಮೇಳ 1957ರಲ್ಲಿ ಶುರುವಾದದ್ದು, ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ನಡೆಯುತ್ತದೆ. ನಾವು ಹೋದದ್ದು 126ನೆಯದು. ಪ್ರತಿ ಮೇಳಕ್ಕೂ ಮೂರು ಹಂತ. ಒಂದೊಂದು ಹಂತದಲ್ಲಿ ಒಂದೊಂದು ಬಗೆಯ ಸರಕು. ನಮ್ಮ ತಂಡದಲ್ಲಿ ನಾಲ್ವರು ಬಟ್ಟೆ ವ್ಯಾಪಾರಿಗಳು, ಇಬ್ಬರು ಚಪ್ಪಲಿ ಅಂಗಡಿಯವರು. ನಾವು ತಲುಪಿದ್ದು ಮೊದಲ ಹಂತಕ್ಕೆ. ಆಗ ಅಲ್ಲಿ ಯಂತ್ರ, ವಿದ್ಯುತ್ ಉಪಕರಣ, ಹಾರ್ಡ್‌ವೇರ್ ಮಾತ್ರ. ಬಟ್ಟೆ, ಚಪ್ಪಲಿ ಬರುವುದು ಅಕ್ಟೋಬರ್ 31ರ ಮೂರನೇ ಹಂತಕ್ಕೆ. ಹಂತಗಳ ವೇಳಾಪಟ್ಟಿ ಮೇಳದವರು ಮೊದಲೇ ಪ್ರಕಟಿಸಿರುತ್ತಾರೆ, ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆರು ಜನ ನಾಲ್ಕು ದಿನ ಪಂಪ್‌ಸೆಟ್ಟು, ಜನರೇಟರ್‌ಗಳ ನಡುವೆ ಅಲೆದು ಕಾಲು ನೋಯಿಸಿಕೊಂಡರು.

ಅಲ್ಲಿಂದ ವೇಗದ ರೈಲಿನಲ್ಲಿ ಝೆಜಿಯಾಂಗ್ ಪ್ರಾಂತದ ಯಿವು ಪಟ್ಟಣಕ್ಕೆ ಬಂದೆವು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನೀವು ಕೊಳ್ಳುವ ಕ್ಲಿಪ್ಪು, ಬಿಂದಿ, ಬೀಗ, ಆಟಿಕೆಗಳಲ್ಲಿ ಎಷ್ಟೋ ಈ ಊರಿನ ಮಾರುಕಟ್ಟೆ ಹಾದು ಬಂದವು. ನಾವು ಹೋದಾಗ ಐದು ವಿಭಾಗಗಳಲ್ಲಿ ಸುಮಾರು 75 ಸಾವಿರ ಮಳಿಗೆಗಳಿದ್ದವು. ಇಷ್ಟಾಗಿಯೂ ಇದು ಮೊದಲಿಂದ ಶ್ರೀಮಂತ ಊರಲ್ಲ. ಬಡ ಭೂಮಿ. ರೈತರು ಹೆಗಲ ಮೇಲೆ ಅಡ್ಡೆ ಹೊತ್ತು, ಕೈಯಲ್ಲಿ ಗಿಲಕಿ ಬಾರಿಸುತ್ತ, ಬೆಲ್ಲದ ಮಿಠಾಯಿ ಕೊಟ್ಟು ಕೋಳಿ ಪುಕ್ಕ ತೆಗೆದುಕೊಂಡು ಬರುತ್ತಿದ್ದರು, ಗೊಬ್ಬರಕ್ಕಾಗಿ. 1982ರಲ್ಲಿ ಫೆಂಗ್ ಐಚಿಯಾನ್ ಎಂಬ ಹೆಂಗಸು, ಬೀದಿಯಲ್ಲಿ ಸಣ್ಣಪುಟ್ಟ ಸಾಮಾನು ಮಾರುತ್ತಿದ್ದವಳು, ಅಲ್ಲಿನ ಪಕ್ಷದ ಕಾರ್ಯದರ್ಶಿ ಷಿಯೆ ಗಾವೊಹುವಾ ಅವರ ಮುಂದೆ ನಿಂತು, ನಮ್ಮನ್ನೇಕೆ ಓಡಿಸುತ್ತೀರಿ ಎಂದು ಜಗಳವಾಡಿದಳಂತೆ. ಅದೇ ವರ್ಷ ಅವರು ಬೀದಿ ಮಾರುಕಟ್ಟೆಗೆ ಅನುಮತಿ ಕೊಟ್ಟರು. ವಿದ್ಯಾರ್ಥಿನಿಯರೇ, ಆ ಹೆಸರು ಬರೆದಿಟ್ಟುಕೊಳ್ಳಿ.

ಯಿವುವಿನಲ್ಲಿ ನನಗೆ ಆದ ದೊಡ್ಡ ಅನುಭವ ಬೇರೆ. ನಾನು ಬಿ.ಎಡ್. ಮಾಡಿದವನು, ಎರಡು ಭಾಷೆ ಕಲಿಸುವವನು. ಅಲ್ಲಿ ಬಸ್ಸಿನ ಫಲಕ ಓದಲಾರೆ, ಔಷಧದ ಅಂಗಡಿ ಯಾವುದು ತಿಳಿಯದು, ಶೌಚಾಲಯದ ಬಾಗಿಲ ಮುಂದೆ ನಿಂತು ಯಾರು ಹೊರಬರುತ್ತಾರೆ ಎಂದು ಕಾಯುವುದು! ವಯಸ್ಕರ ಶಿಕ್ಷಣದ ತರಗತಿಗೆ ಬರುವ ಅಜ್ಜಿಯರ ಕಷ್ಟ ಆಗ ನನಗೆ ತಿಳಿಯಿತು. ನಾನು ಮೊದಲು ಕಲಿತದ್ದು ಎರಡೇ ಅಕ್ಷರ, ಚಿಂಗ್ ಮತ್ತು ಝೆನ್. ಚಿಂಗ್‌ಝೆನ್ ಎಂದರೆ ಶುದ್ಧ, ನಿಜ ಎಂಬ ಅರ್ಥ. ಹಲಾಲ್ ಹೋಟೆಲಿನ ಫಲಕದಲ್ಲಿ ಈ ಎರಡಕ್ಷರ ಇರುತ್ತದೆ. ಅರಬಿ ಬರಹವನ್ನೇ ನಂಬಿದರೆ ಸಾಲದು. ಆ ವರ್ಷ ಬೀಜಿಂಗ್‌ನಲ್ಲಿ ಹೋಟೆಲುಗಳ ಫಲಕದಿಂದ ಅರಬಿ ಅಕ್ಷರ ತೆಗೆಸುತ್ತಿದ್ದ ಸುದ್ದಿ ಬಂದಿತ್ತು.

ನಮ್ಮ ಪ್ರವಾಸ ಏರ್ಪಡಿಸಿದ ಮಧ್ಯವರ್ತಿ ಒಬ್ಬ ದುಭಾಷಿ ಹುಡುಗಿಯನ್ನು ಕೊಟ್ಟಿದ್ದ. ನಿಂಗ್‌ಶಿಯಾ ಪ್ರಾಂತದ ಹುಯಿ ಮುಸ್ಲಿಂ ಮನೆತನದವಳು. ಅರಬಿ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೆ. ನಿಂಗ್‌ಶಿಯಾ, ಗಾನ್ಸು, ಚಿಂಗ್‌ಹಾಯ್ ಕಡೆಯ ಬಡ ಊರುಗಳಿಂದ ಇಂಥ ಎಷ್ಟೋ ಯುವಕ ಯುವತಿಯರು ಯಿವುವಿಗೆ ಬಂದಿದ್ದಾರೆ. ಮಸೀದಿಯ ಪಾಠಶಾಲೆಯಲ್ಲೋ ಅರಬಿ ಶಾಲೆಯಲ್ಲೋ ಕಲಿತ ಭಾಷೆಯನ್ನು ಅರಬ್ ವ್ಯಾಪಾರಿಗಳಿಗೆ ದುಭಾಷಿಯಾಗಿ ಬಳಸಿ ಮನೆಗೆ ಹಣ ಕಳಿಸುತ್ತಾರೆ. ನಮ್ಮಲ್ಲಿ ಮದರಸದ ಅರಬಿ ಎಂದರೆ ಹೊಟ್ಟೆಗೆ ಹಿಟ್ಟು ಹುಟ್ಟಿಸದ ವಿದ್ಯೆ ಎನ್ನುತ್ತೇವೆ. ಅಲ್ಲಿ ಹಾಗಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊನೆಯ ಸಂಜೆ ಆ ಮಧ್ಯವರ್ತಿ ನಮ್ಮೆಲ್ಲರನ್ನು ತನ್ನ ಕಚೇರಿಗೆ ಕರೆದ. ಅಂದು ಮಧ್ಯಾಹ್ನ ಒಂದು ಗೋದಾಮು ತೋರಿಸಿದ್ದ. ಹದಿನಾಲ್ಕು ಜನ ಪಾಲುದಾರರಾಗಿ ಸೇರಿ ಒಂದು ಸಂಸ್ಥೆ ಮಾಡಿ, ಗೋದಾಮು ನಿಮ್ಮದೇ, ಮಾಲು ನೇರ ನಿಮ್ಮೂರಿಗೆ, ಲಾಭ ವರ್ಷಕ್ಕೊಮ್ಮೆ ಎಂದ. ಚಹಾ ಬಂತು. ಮೇಜಿನ ಮೇಲೆ ಹದಿನಾಲ್ಕು ಕಟ್ಟು ಕಾಗದ, ಹದಿನಾಲ್ಕು ಪೆನ್ನು. ಮರುದಿನ ಬೆಳಿಗ್ಗೆ ಹೊರಡುವುದು, ಆದ್ದರಿಂದ ಇಂದೇ ಸಹಿ ಆಗಬೇಕಂತೆ. ನಮ್ಮ ತಂಡದ ಹಿರಿಯರು ಪೆನ್ನು ಎತ್ತಿದರು. ಅವರು ಎತ್ತಿದ್ದನ್ನು ನೋಡಿ ಉಳಿದವರೂ ಎತ್ತಿದರು. ತಂಡದಲ್ಲಿ ಹೋದರೆ ಹೀಗೆಯೇ. ಒಂಟಿಯಾಗಿದ್ದರೆ ಹತ್ತು ಸಲ ಕೇಳುವವನು, ಪಕ್ಕದವನು ಓದಿರಬಹುದು ಎಂದುಕೊಂಡು ಸುಮ್ಮನಾಗುತ್ತಾನೆ. ಪಕ್ಕದವನೂ ಅದನ್ನೇ ಅಂದುಕೊಂಡಿರುತ್ತಾನೆ.

ಚೀನಿ ಕಾಗದ ಆರು ಪುಟ, ಅದರ ಇಂಗ್ಲಿಷ್ ಅನುವಾದ ಒಂದೇ ಪುಟ. ಇದೇಕೆ ಎಂದು ಕೇಳಿದೆ. ಚೀನಿ ಭಾಷೆ ಬಹಳ ಉದ್ದ ಎಂದ. ಮೇಷ್ಟ್ರ ಮುಂದೆ ಹೇಳುವ ಮಾತೇ ಅದು? ಅಕ್ಷರವೊಂದು ಪದದ ಕೆಲಸ ಮಾಡುವ ಬರಹ ಅದು, ಇಂಗ್ಲಿಷ್‌ಗಿಂತ ಚಿಕ್ಕದಾಗಿಯೇ ಬರುತ್ತದೆ. ನನಗೆ ಅನುಮಾನ ಹುಟ್ಟಿತು. ದುಭಾಷಿ ಹುಡುಗಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಕಾಗದ ಜೋಡಿಸುತ್ತಿದ್ದಳು. ಕೆಂಪು ಮೊಹರು ತೋರಿಸಿ ಅರಬಿಯಲ್ಲಿ "ಖತ್ಮ್" ಎಂದಳು. ನಮ್ಮವರಲ್ಲಿ ಅರ್ಧ ಜನ, ಕೆಲಸ ಖತಮ್ ಆಯಿತು ಎಂದು ತಿಳಿದು ಎದ್ದೇ ನಿಂತರು! ಮೊಹರಿಗೆ ಅರಬಿಯಲ್ಲಿ ಹಾಗೆನ್ನುತ್ತಾರೆ. ಆಮೇಲೆ ನನ್ನ ಪ್ರತಿಯ ನಾಲ್ಕನೇ ಪುಟ ತಿರುಗಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ತಗ್ಗಿದ ದನಿಯಲ್ಲಿ ಒಂದೇ ಮಾತು ಹೇಳಿದಳು: "ದಾಮಿನ್." ನನ್ನ ಮುಖ ನೋಡಿ ಇನ್ನೊಮ್ಮೆ ಹೇಳಿದಳು. ಉರ್ದುವಿನಲ್ಲಿ ಅದು ಝಾಮಿನ್. ನಮ್ಮ ಕನ್ನಡದಲ್ಲಿ ಜಾಮೀನು.

ಯಾರಿಗೆ ಜಾಮೀನು, ಎಷ್ಟಕ್ಕೆ ಜಾಮೀನು ಎಂದು ನಾನು ಗಟ್ಟಿಯಾಗಿ ಕನ್ನಡದಲ್ಲೇ ಕೇಳಿದೆ. ಜಾಮೀನು ಎಂಬ ಮಾತು ಕೇಳಿದ್ದೇ ಹದಿನಾಲ್ಕು ಪೆನ್ನುಗಳೂ ಕೆಳಗಿಳಿದವು. ಕೋರ್ಟು ಕಚೇರಿ ಕಂಡ ಜನ ನಮ್ಮವರು, ಆ ಪದಕ್ಕೆ ಅನುವಾದ ಬೇಕಾಗಲಿಲ್ಲ. ಊರಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಚೀನಿ ಬಲ್ಲವರೊಬ್ಬರಿಂದ ಆರು ಪುಟವನ್ನೂ ಓದಿಸಿದೆವು. ಸಂಸ್ಥೆಯ ಎಲ್ಲ ಸಾಲಕ್ಕೂ ಪ್ರತಿ ಪಾಲುದಾರನೂ ಮಿತಿಯಿಲ್ಲದೆ ಹೊಣೆ, ಗೋದಾಮಿನ ಹಳೆಯ ಬಾಡಿಗೆ ಬಾಕಿಗೂ ಸೇರಿ. ವ್ಯವಹಾರದ ಅಧಿಕಾರ ಮಾತ್ರ ಮಧ್ಯವರ್ತಿಯ ಮನುಷ್ಯನಿಗೆ.

ಇದು ಅವನೊಬ್ಬನ ಮೋಸವೆಂದು ಬಿಡುವಂತಿಲ್ಲ, ಅಲ್ಲಿನ ಕಾನೂನಿನ ರೀತಿಯೂ ತಿಳಿದಿರಬೇಕು. ವಿದೇಶಿಯರು ಪಾಲುದಾರಿಕೆ ಸಂಸ್ಥೆ ಮಾಡಲು ಚೀನಾ 2010ರಲ್ಲಿ ಅವಕಾಶ ಕೊಟ್ಟಿತು. ಸಾಮಾನ್ಯ ಪಾಲುದಾರಿಕೆಯಲ್ಲಿ ಹೊಣೆಗೆ ಮಿತಿಯಿಲ್ಲ, ಮನೆ ಮಾರಿಯಾದರೂ ತೀರಿಸಬೇಕು. ಸೀಮಿತ ಹೊಣೆಯ ಕಂಪನಿಯಾದರೆ ಒಪ್ಪಿಕೊಂಡ ಬಂಡವಾಳದಷ್ಟಕ್ಕೇ ಹೊಣೆ. ಆದರೆ 2024ರ ಜುಲೈ 1ರಿಂದ ಜಾರಿಯಾದ ಹೊಸ ಕಂಪನಿ ಕಾನೂನಿನಂತೆ, ಒಪ್ಪಿಕೊಂಡ ಬಂಡವಾಳವನ್ನು ಐದು ವರ್ಷದೊಳಗೆ ಪೂರ್ತಿ ಕಟ್ಟಬೇಕು. ಕಾಗದದಲ್ಲಿ ದೊಡ್ಡ ಮೊತ್ತ ಬರೆದು ಗತ್ತು ತೋರಿಸುವ ಕಾಲ ಹೋಯಿತು. ಇನ್ನೊಂದು, ಅಲ್ಲಿ ಸಹಿಗಿಂತ ಕಂಪನಿಯ ಮೊಹರಿಗೆ ಬೆಲೆ ಹೆಚ್ಚು. ಮೊಹರು ಯಾರ ಬೀಗದಲ್ಲಿದೆ, ಕಾನೂನಿನ ಪ್ರತಿನಿಧಿ ಎಂದು ಯಾರ ಹೆಸರು ನೋಂದಾಯಿಸಿದೆ, ಇವೆರಡು ಕೇಳದೆ ಒಂದು ರೂಪಾಯಿಯೂ ಕೊಡಬೇಡಿ.

ನಮ್ಮ ದೇಶದ ಕಾನೂನೂ ಇದೆ. 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆಯ ನಿಯಮಗಳ ಪ್ರಕಾರ, ನಾವು ನೀವು ಹಣ ಹಾಕುವ ಹೊರದೇಶದ ಸಂಸ್ಥೆ ಸೀಮಿತ ಹೊಣೆಯದೇ ಆಗಿರಬೇಕು. ಹಣ ಬ್ಯಾಂಕಿನ ಮೂಲಕವೇ ಹೋಗಬೇಕು, ಒಬ್ಬ ವ್ಯಕ್ತಿಗೆ ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನ ಮಿತಿ. ನಮ್ಮ ತಂಡದಲ್ಲಿ ಒಬ್ಬರು, ಬ್ಯಾಂಕು ಗೀಂಕು ಯಾಕೆ, ದುಬೈ ಕಡೆಯಿಂದ ಕಳಿಸಿದರಾಯಿತು ಎಂದಿದ್ದರು. ಹಾಗೆ ಕಳಿಸಿದ ಹಣ ಮುಳುಗಿದರೆ ದೂರು ಕೊಡುವುದಕ್ಕೂ ಬಾಯಿ ಇರುವುದಿಲ್ಲ, ಜೊತೆಗೆ ಅಪರಾಧ ಬೇರೆ.

ಉದ್ಯೋಗಕ್ಕೆಂದು ಹೋಗುವ ಹುಡುಗರು ಒಂದು ಘಟನೆ ತಿಳಿದಿರಬೇಕು. 2011ರ ಡಿಸೆಂಬರ್‌ನಲ್ಲಿ ಇದೇ ಯಿವುವಿನಲ್ಲಿ ಇಬ್ಬರು ಭಾರತೀಯರನ್ನು ಅಲ್ಲಿನ ವ್ಯಾಪಾರಿಗಳು ಹಿಡಿದಿಟ್ಟುಕೊಂಡರು. ಬಾಕಿ ಉಳಿಸಿ ಓಡಿಹೋದವನು ಕಂಪನಿಯ ಮಾಲೀಕ. ಇವರು ಅವನ ಬಳಿ ಕೆಲಸಕ್ಕಿದ್ದವರು. 2012ರ ಜನವರಿಯಲ್ಲಿ ಭಾರತದ ರಾಯಭಾರ ಕಚೇರಿ, ಯಿವು ಜೊತೆ ವ್ಯವಹಾರ ಬೇಡ ಎಂದು ವ್ಯಾಪಾರಿಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಈಗ ವ್ಯವಹಾರ ನಡೆಯುತ್ತಿದೆ. ಆದರೆ ಮಾಲೀಕನ ಪರವಾಗಿ ರಸೀದಿಗೆ ನಿಮ್ಮ ಹೆಸರು ಹಾಕುವ ಮುನ್ನ ಆ ಇಬ್ಬರನ್ನು ನೆನೆಯಿರಿ.

ಇನ್ನೊಂದು ಪ್ರಶ್ನೆಯನ್ನು ತಂಡದ ಒಬ್ಬ ಯುವಕ ಅಲ್ಲಿಯೇ ಎತ್ತಿದ್ದ, ಯಾರೂ ಉತ್ತರಿಸಲಿಲ್ಲ. ಉಯ್ಗುರರ ಪ್ರಶ್ನೆ. ಷಿನ್‌ಜಿಯಾಂಗ್‌ನಲ್ಲಿ ನಡೆದದ್ದು ಮಾನವೀಯತೆಯ ವಿರುದ್ಧದ ಅಪರಾಧಗಳಾಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರ ಆಗಸ್ಟ್ 31ರ ವರದಿಯಲ್ಲಿ ಹೇಳಿತು. ಚೀನಾ ಸರ್ಕಾರ ಅದನ್ನು ತಳ್ಳಿಹಾಕಿತು. ಹತ್ತಿ ಬಟ್ಟೆಗೆ ಹಣ ಹಾಕುವವರು ಹತ್ತಿ ಎಲ್ಲಿಯದು, ಯಾರ ಕೈ ಬಿಡಿಸಿದ್ದು ಎಂದು ಕೇಳದೆ ಇರಬಾರದು ಎಂಬುದು ನನ್ನ ಅಭಿಪ್ರಾಯ. ಲಾಭ ಕಡಿಮೆಯಾದರೆ ಆಗಲಿ.

ಹಿಂದಿರುಗಿದ ಮೇಲೆ ತಂಡದಲ್ಲಿ ಜಗಳವಾಯಿತು. ಅವಕಾಶ ತಪ್ಪಿಸಿದೆ ಎಂದು ಒಬ್ಬರು ನನ್ನೊಡನೆ ಆರು ತಿಂಗಳು ಮಾತು ಬಿಟ್ಟಿದ್ದರು. ಆಟಿಕೆ ತರಿಸಿದ ಇನ್ನೊಬ್ಬರ ಕಥೆ ಕೇಳಿ. ಕೋವಿಡ್‌ನಿಂದ ಅವರ ಕಂಟೇನರ್ ತಡವಾಯಿತು. ಅಷ್ಟರಲ್ಲಿ 2020ರ ಫೆಬ್ರವರಿಯಲ್ಲಿ ಆಟಿಕೆಯ ಮೇಲಿನ ಸುಂಕ ಶೇಕಡಾ 20ರಿಂದ 60ಕ್ಕೆ ಏರಿತ್ತು, 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ಮಾಲು ಬಂದರಿನಲ್ಲೇ ಕುಳಿತಿತು.

ಯಿವುವಿಗೆ ದೂರವಿಲ್ಲದ ಶಾವೊಷಿಂಗ್ ಪ್ರದೇಶದಲ್ಲಿ ಹುಟ್ಟಿದ ಮಾ ಹುವಾನ್ ಎಂಬ ಮುಸಲ್ಮಾನನ ಹೆಸರು ವಿದ್ಯಾರ್ಥಿಗಳಿಗೆ ಗೊತ್ತಿರಲಿ. ಚೀನಾದ ನೌಕಾಪತಿ ಝೆಂಗ್ ಹೆಯ ಜೊತೆ 1413ರಲ್ಲಿ ದುಭಾಷಿಯಾಗಿ ಹೊರಟವನು, ಅರಬಿ ಬಲ್ಲವನು. ನಮ್ಮ ನೆರೆಯ ಕಲ್ಲಿಕೋಟೆಯ ಬಗ್ಗೆ ಬರೆದಿದ್ದಾನೆ. ಅಲ್ಲಿನವರು ಮಣಿಚೌಕಟ್ಟು ಇಲ್ಲದೆ ಕೈಕಾಲಿನ ಇಪ್ಪತ್ತು ಬೆರಳಲ್ಲೇ ಲೆಕ್ಕ ಮಾಡಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಬೆರಗಾಗಿದ್ದಾನೆ. ಅಷ್ಟು ದೊಡ್ಡ ನೌಕಾಪಡೆ ಕೂಡ ತನ್ನದೇ ದುಭಾಷಿಯನ್ನು ಹಡಗಿನಲ್ಲಿ ಕೂರಿಸಿಕೊಂಡು ಬಂದಿತ್ತು. ನಾವು ಮಾರುವವನ ದುಭಾಷಿಯನ್ನು ನಂಬಿ ಹೋಗಿದ್ದೆವು. ಆ ಹುಡುಗಿಗೆ ದೇವರ ಭಯವಿತ್ತು, ಬದುಕಿಕೊಂಡೆವು. ಮರುದಿನ ನಿಲ್ದಾಣಕ್ಕೆ ಬಿಡಲು ಬೇರೆ ಹುಡುಗ ಬಂದಿದ್ದ. ಅವಳ ಕೆಲಸ ಉಳಿಯಿತೋ ಹೋಯಿತೋ ಎಂದು ಇಂದಿಗೂ ನನ್ನ ಮನಸ್ಸು ಕೊರೆಯುತ್ತದೆ.

ಕಾರ್ಯಕಾರಿ ಸಮಿತಿಗೆ ಒಂದು ಮನವಿ ಕೊಟ್ಟಿದ್ದೇನೆ. ಮುಂದಿನ ತಂಡದ ಪ್ರತಿ ಸದಸ್ಯರಿಂದ ಪ್ರಯಾಣ ಖರ್ಚಿನ ಜೊತೆ ಒಂದು ಸಣ್ಣ ಮೊತ್ತ ಹಿಡಿದು, ನಮ್ಮ ಶಾಲೆಯಿಂದ ಪಿಯುಸಿ ಮುಗಿಸಿದ ಇಬ್ಬರನ್ನು, ಒಬ್ಬ ಹುಡುಗ ಒಬ್ಬ ಹುಡುಗಿ, ಚೀನಿ ಭಾಷೆಯ ಪದವಿಗೆ ಕಳಿಸಬೇಕೆಂದು. ಶಾಂತಿನಿಕೇತನದಲ್ಲಿ 1937ರಿಂದ ಚೀನಾ ಭವನವಿದೆ, ದೆಹಲಿಯ ಜೆಎನ್‌ಯುದಲ್ಲಿ ಕಲಿಸುತ್ತಾರೆ. ಮನವಿಗೆ ಹದಿನಾಲ್ಕು ಜನರಲ್ಲಿ ಹನ್ನೊಂದು ಜನರ ಸಹಿ ಇದೆ. ಈ ಸಲ ಎಲ್ಲರೂ ಓದಿಯೇ ಹಾಕಿದ್ದಾರೆ. ಮಾತು ಬಿಟ್ಟಿದ್ದವರದೇ ಮೊದಲ ಸಹಿ. ಚಿಂಗ್‌ಝೆನ್ ಬರೆಯುವುದು ಹೇಗೆಂದು ನೋಡಬೇಕೆನ್ನುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ಹಲಗೆಯ ಹತ್ತಿರ ಬನ್ನಿ.